ಕೆಂಪಿಯ ಡಬ್ಬ ದೊಡ್ಡದಾಗುತ್ತಲೇ ಇದೆ

ನಮ್ಮ ಮನೆಯಲ್ಲಿ ಹಾವಿದೆ ಎಂದು ಗೊತ್ತಾದವರು ಮೊದಲು ಕೇಳುವುದು, "ಕಚ್ಚಲ್ವಾ?" ಎಂದು. ಎರಡನೆಯ ಪ್ರಶ್ನೆ, "ಏನು ಹಾಕ್ತೀರಾ, ಹಾಲಾ ಮೊಟ್ಟೆನಾ?" ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಷ್ಟು ವರ್ಷದಲ್ಲಿ ಕೇಳಿದ್ದು ಒಬ್ಬರೇ, ಅದೂ ನಮ್ಮ ಅಜ್ಜಿ: "ಇದು ಇನ್ನೂ ಎಷ್ಟುದ್ದ ಆಗುತ್ತೆ? ಆಮೇಲೆ ಎಲ್ಲಿ ಕಟ್ಟಿಹಾಕ್ತೀಯಾ?" ದನ ಸಾಕಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಕರು ಕೊಳ್ಳುವಾಗಲೇ ಹಸುವಿನ ಜಾಗ ನೋಡಿಕೊಳ್ಳಬೇಕು ಎಂಬುದು ಅವರಿಗೆ ಗೊತ್ತು.

ಹಾವಿಗೆ ಹೆಸರಿಟ್ಟದ್ದೂ ಅವರೇ. ಕೆಂಪಿ. ಮೈ ತುಂಬಾ ಕಿತ್ತಳೆ ಬಣ್ಣ, ಬೆನ್ನ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ಅಟ್ಟೂರು ಲೇಔಟ್ ಆಗುವುದಕ್ಕೂ ಮುಂಚೆ ನಮ್ಮ ಕೊಟ್ಟಿಗೆಯಲ್ಲಿದ್ದ ಒಂದು ಹಸುವಿನ ಹೆಸರಂತೆ ಅದು. "ಅದೂ ಹಿಂಗೇ, ಮೂಲೆ ಹಿಡಿದು ಮಲಗಿದ್ರೆ ಏಳ್ತಾನೇ ಇರ್ಲಿಲ್ಲ" ಎಂದು ಅಜ್ಜಿ ಹೋಲಿಕೆ ಕೊಟ್ಟರು. ಮುಗೀತು, ಅಣ್ಣ ಹುಡುಕಿಟ್ಟಿದ್ದ ಇಂಗ್ಲಿಷ್ ಹೆಸರು ಅವತ್ತೇ ರದ್ದಾಯಿತು.

ಕೆಂಪಿ ಕಾರ್ನ್ ಸ್ನೇಕ್ ಜಾತಿಯದು. ಮೂಲ ಊರು ಅಮೆರಿಕದ ಆಗ್ನೇಯ ಭಾಗ, ಫ್ಲಾರಿಡಾ, ಜಾರ್ಜಿಯಾ ಕಡೆ. 1766ರಲ್ಲೇ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿದ್ದ. ಈಗಿನ ಹೆಸರು ಪ್ಯಾಂಥೆರೋಫಿಸ್ ಗುಟ್ಟಾಟಸ್. ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಮೆಕ್ಕೆಜೋಳ ತುಂಬಿಡುವ ಕಣಜಗಳಲ್ಲಿ ಇಲಿ ಹುಡುಕಿಕೊಂಡು ಬಂದು ಕೂರುತ್ತಿದ್ದುದರಿಂದ ಈ ಹೆಸರು ಬಂತು ಎನ್ನುತ್ತಾರೆ. ಹೊಟ್ಟೆಯ ಕಪ್ಪು ಬಿಳಿ ಚೌಕಗಳು ಬಣ್ಣದ ಜೋಳದ ತೆನೆಯ ಹಾಗಿವೆ, ಅದಕ್ಕೇ ಆ ಹೆಸರು ಎನ್ನುವವರೂ ಇದ್ದಾರೆ. ಅಜ್ಜಿಗೆ ಮೊದಲನೆಯ ಕಥೆಯೇ ಇಷ್ಟ. ನಮ್ಮ ರಾಗಿ ಕಣದ ಹುಲ್ಲಿನ ಬಣವೆಯಲ್ಲಿ ಒಂದು ಕೇರೆ ಹಾವು ಇರುತ್ತಿತ್ತಂತೆ. ತಾತ ಅದನ್ನು ಯಾರಿಗೂ ಹೊಡೆಯಲು ಬಿಡುತ್ತಿರಲಿಲ್ಲ. "ಅದಿದ್ರೆ ಹೆಗ್ಗಣ ಇರಲ್ಲ" ಅಷ್ಟೇ ಅವರ ಲೆಕ್ಕ. ಆ ಕಣ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ.

ಹಾವು ತಂದದ್ದು ನಾನಲ್ಲ, ದೊಡ್ಡಪ್ಪನ ಮಗ. 2021ರ ಜುಲೈ. ನಗರದಲ್ಲೇ ಮರಿ ಮಾಡಿಸುವ ಒಬ್ಬರಿಂದ, ಬಿಲ್ಲು ತೆಗೆದುಕೊಂಡು ತಂದಿದ್ದ. ಮೊಟ್ಟೆಯೊಡೆದು ಮೂರು ವಾರ ಆಗಿತ್ತಷ್ಟೆ. ಉದ್ದ 28 ಸೆಂಟಿಮೀಟರ್, ತೂಕ 7 ಗ್ರಾಂ. ಏಳು ಗ್ರಾಂ ಎಂದರೆ ಎಷ್ಟು ಗೊತ್ತಾ? ಒಂದು ಹತ್ತು ರೂಪಾಯಿ ನಾಣ್ಯಕ್ಕಿಂತ ಸಣ್ಣಪುಟ್ಟ ತೂಕವೇ ಕಡಿಮೆ. ಕೈಯಲ್ಲಿಟ್ಟುಕೊಂಡರೆ ಶೂ ಲೇಸಿಗೆ ಜೀವ ಬಂದ ಹಾಗೆ. ಮರುವರ್ಷ ಅಣ್ಣ ಓದಲು ಜರ್ಮನಿಗೆ ಹೊರಟ. ಅಷ್ಟು ಹೊತ್ತಿಗೆ ತೂಕ ನೋಡುವುದು, ಬರೆದಿಡುವುದು, ನೀರು ಬದಲಿಸುವುದು ಎಲ್ಲ ನನ್ನ ಕೆಲಸವೇ ಆಗಿಹೋಗಿತ್ತು. ಹಾಗಾಗಿ ಕೆಂಪಿ ಮೇಲಿನ ಮನೆಯಿಂದ ಕೆಳಗಿನ ಮನೆಗೆ ವರ್ಗವಾಗಿ ಬಂತು. ಒಂದು ಉದ್ದ ನೋಟ್‌ಬುಕ್ಕೂ ಜೊತೆಗೆ ಬಂತು. ಅದರ ಮೇಲೆ ಅಣ್ಣ 'ಇಲಿ ಲೆಕ್ಕ' ಎಂದು ಬರೆದಿದ್ದಾನೆ.

ಆ ನೋಟ್‌ಬುಕ್ ತಿರುವಿದರೆ ಹಾವು ಸಾಕುವುದೆಂದರೆ ಏನು ಎಂಬುದು ಗೊತ್ತಾಗುತ್ತದೆ. ರೀಲ್ಸ್‌ನಲ್ಲಿ ಕಾಣುವ ಧೈರ್ಯ, ಸ್ಟೈಲು ಯಾವುದೂ ಅದರಲ್ಲಿಲ್ಲ. ತಾರೀಕು, ತೂಕ, ಊಟ, ಪೊರೆ, ಮಲ. ಇಷ್ಟೇ.

ಊಟದ ವಿಷಯಕ್ಕೆ ಬರೋಣ. ಕಾರ್ನ್ ಸ್ನೇಕ್ ಇಡೀ ಪ್ರಾಣಿಯನ್ನೇ ನುಂಗಬೇಕು. ಮೂಳೆಯಿಂದ ಸುಣ್ಣ, ಪಿತ್ತಜನಕಾಂಗದಿಂದ ವಿಟಮಿನ್ನು. ಬರೀ ಕೋಳಿ ಮಾಂಸದ ತುಂಡು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಕಟ್ಟುವುದಿಲ್ಲ. ಹಾಲಂತೂ ಹಾವಿನ ಆಹಾರವೇ ಅಲ್ಲ. ನಾಗರ ಪಂಚಮಿಯ ದಿನ ಅಜ್ಜಿ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ತನಿ ಎರೆದು ಬಂದು, ಉಳಿದ ಹಾಲಿನ ಲೋಟ ಹಿಡಿದು ಕೆಂಪಿಯ ಡಬ್ಬದ ಮುಂದೆ ನಿಂತಿದ್ದರು. ಹಾವು ಹಾಲು ಅರಗಿಸಿಕೊಳ್ಳಲ್ಲ ಅಜ್ಜಿ ಎಂದೆ. "ನಂಗೊತ್ತಿಲ್ವಾ? ಅದು ಕುಡೀಲಿ ಅಂತ ಎರೀತೀವಾ, ನಮ್ಮ ಸಮಾಧಾನಕ್ಕೆ ಎರೀತೀವಿ" ಎಂದು ಹಾಲನ್ನು ತಾವೇ ಕುಡಿದು ಒಳಗೆ ಹೋದರು.

ಮೊದಲ ತಿಂಗಳುಗಳ ಊಟ 'ಪಿಂಕಿ'. ಹುಟ್ಟಿ ಒಂದೆರಡು ದಿನದ, ಕೂದಲು ಬಾರದ, ಕಣ್ಣು ಬಿಡದ ಬಿಳಿ ಇಲಿಯ ಮರಿ. ಐದಾರು ದಿನಕ್ಕೊಂದು. ಹಾವಿನ ಮೈಯ ಅತಿ ದಪ್ಪ ಭಾಗ ಎಷ್ಟಿದೆಯೋ ಇಲಿಯೂ ಹೆಚ್ಚೂಕಡಿಮೆ ಅಷ್ಟೇ ಇರಬೇಕು; ಒಂದೂವರೆ ಪಟ್ಟು ದಾಟಬಾರದು. ಕೆಂಪಿ 30 ಗ್ರಾಂ ಮುಟ್ಟಿದಾಗ 'ಫಜಿ'ಗೆ ಬಡ್ತಿ ಕೊಟ್ಟೆವು, ಎಂದರೆ ಮೈಮೇಲೆ ನುಣುಪಾದ ಕೂದಲು ಬಂದ ಮರಿ. ಆಮೇಲೆ ಕಣ್ಣು ಬಿಟ್ಟು ಕುಪ್ಪಳಿಸುವ ವಯಸ್ಸಿನ 'ಹಾಪರ್'. ಒಂದು ವರ್ಷ ತುಂಬಿದಾಗ ತೂಕ 90 ಗ್ರಾಂ. ಎರಡು ವರ್ಷಕ್ಕೆ 240. ಮೂರನೆಯ ವರ್ಷದಿಂದ ದೊಡ್ಡ ಇಲಿ, ಹತ್ತರಿಂದ ಹದಿನಾಲ್ಕು ದಿನಕ್ಕೆ ಒಂದು. ಹಾವು ಬೆಳೆದ ಹಾಗೆ ಊಟದ ಗಾತ್ರ ಹಿಗ್ಗುತ್ತದೆ, ಊಟಗಳ ನಡುವಿನ ಅಂತರವೂ ಹಿಗ್ಗುತ್ತದೆ. ದೊಡ್ಡ ಹಾವಿಗೆ ವಾರಕ್ಕೊಮ್ಮೆ ತಿನ್ನಿಸುತ್ತಾ ಹೋದರೆ ಅದು ಬೇಡ ಎನ್ನುವುದಿಲ್ಲ, ತಿಂದು ತಿಂದು ಕೊಬ್ಬು ಕಟ್ಟಿಕೊಂಡು ಸಾಯುತ್ತದೆ. ಕಾಡಿನಲ್ಲಿ ಮುಂದಿನ ಊಟದ ಗ್ಯಾರಂಟಿ ಇಲ್ಲದ ಪ್ರಾಣಿಗೆ ಬೇಡ ಎನ್ನುವ ಅಭ್ಯಾಸ ಬಂದಿಲ್ಲ.

ಜೀವಂತ ಇಲಿ ನಾವು ಹಾಕುವುದಿಲ್ಲ. ಇಲಿಗೆ ಅದು ಹಿಂಸೆ ಎಂಬುದು ಒಂದು ಮಾತು. ಡಬ್ಬದೊಳಗೆ ಮೂಲೆಗೆ ಸಿಕ್ಕ ಇಲಿ ತಿರುಗಿ ಕಚ್ಚಿ ಹಾವಿನ ಕಣ್ಣು ತೆಗೆದ ಉದಾಹರಣೆಗಳಿವೆ ಎಂಬುದು ಇನ್ನೊಂದು. ಕೊಂದು ಶೈತ್ಯೀಕರಿಸಿದ ಇಲಿಗಳು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಬರುತ್ತವೆ. ಅವನ್ನು ಮನೆಯ ಫ್ರಿಜ್ಜಿನಲ್ಲಿ ಇಡುತ್ತೇನೆ ಎಂದಾಗ ಅಮ್ಮ ಮಾತೇ ಆಡಲಿಲ್ಲ, ಫ್ರಿಜ್ಜಿನ ಮುಂದೆ ಅಡ್ಡ ನಿಂತರು. ನಾವು ಬಾಡೂಟದ ಮಂದಿಯೇ, ಆದರೆ ಕೋಳಿ ಬೇರೆ, ಇಲಿ ಬೇರೆ. ಅವರ ಹಟ ಸರಿಯಾಗಿಯೇ ಇತ್ತು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಫ್ರೀಜರ್ ತಣ್ಣಗೆಗೆ ಸಾಯುವುದಿಲ್ಲ. ಅದು ಇಲಿಯಲ್ಲೂ ಇರಬಹುದು, ಹಾವಿನ ಮಲದಲ್ಲೂ ಇರಬಹುದು. ಕೊನೆಗೆ ಸೆಕೆಂಡ್ ಹ್ಯಾಂಡ್ ಪುಟಾಣಿ ಫ್ರಿಜ್ ಒಂದು ಮಹಡಿ ಮೆಟ್ಟಿಲ ಕೆಳಗೆ ಬಂತು. ಹಾವು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಅಡುಗೆಮನೆ ಹೊಸ್ತಿಲು ದಾಟುವಂತಿಲ್ಲ ಎಂಬ ಕಾನೂನೂ ಬಂತು. ಇಲಿಯ ಖರ್ಚು ಮಾತ್ರ ತಿಂಗಳ ಮೊಬೈಲ್ ರೀಚಾರ್ಜಿನ ಆಸುಪಾಸಿನಲ್ಲೇ ಇದೆ. ನಾಯಿ ಸಾಕುವ ಗೆಳತಿಯರ ಬಿಲ್ಲು ನೋಡಿದರೆ ಏನೂ ಅಲ್ಲ.

ಊಟದ ದಿನದ ಕ್ರಮ ಹೀಗೆ. ಹಿಂದಿನ ರಾತ್ರಿಯೇ ಇಲಿಯನ್ನು ಫ್ರೀಜರಿನಿಂದ ಕೆಳಗಿಳಿಸಿಡಬೇಕು. ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿನೀರಿನಲ್ಲಿ ಒಂದಷ್ಟು ಹೊತ್ತು. ಮೈಕ್ರೊವೇವ್‌ಗೆ ಇಡಲೇಬಾರದು, ಅಲ್ಲಲ್ಲಿ ಬೆಂದು ಅಲ್ಲಲ್ಲಿ ಹಸಿ ಉಳಿಯುತ್ತದೆ, ಕೆಲವೊಮ್ಮೆ ಒಡೆದೇ ಹೋಗುತ್ತದೆ. ಒರೆಸಿ, ಉದ್ದ ಚಿಮುಟದಲ್ಲಿ ಹಿಡಿದು ತಲೆಯ ಕಡೆಯಿಂದ ಮುಂದೆ ಮಾಡಬೇಕು. ಕೆಂಪಿ ಕತ್ತನ್ನು ಇಂಗ್ಲಿಷ್‌ನ ಎಸ್ ಅಕ್ಷರದ ಹಾಗೆ ಮಡಿಸಿ, ನಾಲಿಗೆ ಆಡಿಸಿ ವಾಸನೆ ನೋಡಿ, ಒಂದೇ ಏಟಿಗೆ ಎಳೆದುಕೊಂಡು ಮೂರು ಸುತ್ತು ಸುತ್ತುತ್ತದೆ. ಸತ್ತ ಇಲಿಯನ್ನು ಮತ್ತೆ ಕೊಲ್ಲುವ ಆ ಶ್ರದ್ಧೆ ನೋಡಿ ನಗು ಬರುತ್ತದೆ. ತಿಂದ ಮೇಲೆ ಎರಡು ದಿನ ಎತ್ತಬಾರದು. ಎತ್ತಿದರೆ ವಾಂತಿ ಮಾಡಿಕೊಳ್ಳಬಹುದು. ಹಾವಿಗೆ ವಾಂತಿ ಎಂದರೆ ನಮ್ಮ ಹಾಗೆ ಬಾಯಿ ಮುಕ್ಕಳಿಸಿ ಮಲಗುವ ವಿಷಯವಲ್ಲ, ಜಠರದ ಆಮ್ಲ ಗಂಟಲು ಸುಡುತ್ತದೆ. ಹತ್ತು ಹದಿನಾಲ್ಕು ದಿನ ಹೊಟ್ಟೆಗೆ ರಜೆ ಕೊಟ್ಟು, ಮತ್ತೆ ಚಿಕ್ಕ ಊಟದಿಂದ ಶುರು ಮಾಡಬೇಕು.

ಇನ್ನು ಮನೆ. ಕೆಂಪಿಯ ಮೊದಲ ಮನೆ ಅಡುಗೆಮನೆಯ ಉದ್ದನೆ ಪ್ಲಾಸ್ಟಿಕ್ ಡಬ್ಬ. ಬದಿಗಳಿಗೆ ಸೋಲ್ಡರಿಂಗ್ ಕಡ್ಡಿಯಿಂದ ತೂತು. ಅಡಗಲು ಎರಡು ತೆಂಗಿನ ಚಿಪ್ಪು, ಒಂದು ಬೆಚ್ಚಗಿನ ಕೊನೆಯಲ್ಲಿ, ಒಂದು ತಣ್ಣನೆ ಕೊನೆಯಲ್ಲಿ. ನೀರಿಗೆ ದೀಪಾವಳಿಯ ಮಣ್ಣಿನ ಹಣತೆ. ಹಾಸಿಗೆ ಹಳೆ ಪತ್ರಿಕೆ. (ಸಂಪಾದಕರು ಬೇಜಾರು ಮಾಡಿಕೊಳ್ಳಬಾರದು, ಈ ಪುಟವೂ ಒಂದೆರಡು ಸಲ ಹಾಸಿಗೆಯಾಗಿದೆ.) ಅಷ್ಟು ಚಿಕ್ಕ ಡಬ್ಬ ಯಾಕೆ ಎಂದರೆ, ಅಡಗಲು ಏನೂ ಇಲ್ಲದ ದೊಡ್ಡ ಜಾಗದಲ್ಲಿ ಮರಿ ಹೆದರಿ ಊಟ ಬಿಡುತ್ತದೆ. ಹದ್ದು, ಬೆಕ್ಕು ಯಾವ ಕಡೆಯಿಂದ ಬರುತ್ತದೋ ಎಂಬ ಭಯ ಅದರ ರಕ್ತದಲ್ಲೇ ಇದೆ.

ಹಾವಿಗೆ ಮೈಬಿಸಿ ತಾನೇ ಮಾಡಿಕೊಳ್ಳಲು ಬರುವುದಿಲ್ಲ. ಬೆಚ್ಚಗಾಗಬೇಕಾದರೆ ಬೆಚ್ಚಗಿನ ಕಡೆಗೆ ಹೋಗಬೇಕು, ತಣ್ಣಗಾಗಬೇಕಾದರೆ ಇನ್ನೊಂದು ಕಡೆಗೆ. ಆದ್ದರಿಂದ ಒಂದು ಕೊನೆ 29–30 ಡಿಗ್ರಿ, ಇನ್ನೊಂದು ಕೊನೆ 23–24. ತಿಂದದ್ದು ಅರಗುವುದೂ ಆ ಬಿಸಿಯಿಂದಲೇ. ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಪಾಲು ಇದೇನೂ ಕಷ್ಟವಲ್ಲ. ಆದರೆ ಯಲಹಂಕದ ಕಡೆಯ ಜನವರಿ ರಾತ್ರಿ ನಿಮಗೆ ಗೊತ್ತಿರಬೇಕು, ಬೆಳಗಿನ ಜಾವ 14–15ಕ್ಕೆ ಇಳಿಯುತ್ತದೆ. ಆಗ ಡಬ್ಬದ ಕೆಳಗಿನ ಹೀಟ್ ಮ್ಯಾಟ್ ಕೆಲಸ ಮಾಡಬೇಕು, ಅದಕ್ಕೆ ಥರ್ಮೊಸ್ಟಾಟ್ ಇರಲೇಬೇಕು. ಥರ್ಮೊಸ್ಟಾಟ್ ಇಲ್ಲದ ಮ್ಯಾಟ್ ಹಾವಿನ ಹೊಟ್ಟೆ ಸುಡುತ್ತದೆ. ಸುಟ್ಟರೂ ಹಾವು ಏಳದೆ ಅಲ್ಲೇ ಮಲಗಿರಬಹುದು. ಬೇಸಿಗೆಯ ತೊಂದರೆ ಇದರ ತಲೆಕೆಳಗು. 2024ರ ಏಪ್ರಿಲನ್ನು ಈ ಊರಿನ ಯಾರೂ ಮರೆತಿರಲಾರರು. ಟ್ಯಾಂಕರ್ ನೀರಿಗೆ ಕಾಯುತ್ತಾ ನಾವು ಬೆವರುತ್ತಿದ್ದಾಗ ಕೆಂಪಿಯ 'ತಣ್ಣನೆ' ಕೊನೆಯೇ 32 ತೋರಿಸುತ್ತಿತ್ತು. ಮ್ಯಾಟ್ ಆರಿಸಿ, ಡಬ್ಬವನ್ನು ಕೆಳಮನೆಯ ನೆಲಕ್ಕೆ ಇಳಿಸಿ, ಪಕ್ಕದಲ್ಲಿ ಒದ್ದೆ ಗೋಣಿಚೀಲ ಹಾಸಿದೆವು. ಅಜ್ಜಿ ಮಡಕೆಯ ನೀರು ತಣ್ಣಗಿಡುವ ಉಪಾಯವೇ ಅದು.

ಎರಡನೆಯ ಮನೆ ಎರಡಡಿಯ ಹಳೆ ಅಕ್ವೇರಿಯಂ, ಮೇಲೆ ಚಿಲಕ ಹಾಕಿದ ತಂತಿ ಮುಚ್ಚಳ. ಪತ್ರಿಕೆಯ ಬದಲು ತೆಂಗಿನ ಸಿಪ್ಪೆಯ ತುಣುಕು ಹಾಸಿದೆವು. ಪಕ್ಕದ ರಸ್ತೆಯ ಬಡಗಿ ಅಂಗಡಿಯಲ್ಲಿ ಮರದ ಹೊಟ್ಟು ಪುಕ್ಕಟೆ ಸಿಗುತ್ತಿತ್ತು, ಆದರೆ ಪೈನ್, ದೇವದಾರು ಮರಗಳ ಘಾಟು ಎಣ್ಣೆ ಹಾವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪೊರೆ ಬಿಡುವ ದಿನಗಳಲ್ಲಿ ಒದ್ದೆ ಪಾಚಿ ತುಂಬಿದ ಒಂದು ಚಿಕ್ಕ ಡಬ್ಬ ಒಳಗಿಡಬೇಕು. ಪೊರೆಗೆ ಮುಂಚೆ ಕಣ್ಣು ಹಾಲಿನ ಹಾಗೆ ನೀಲಿಬಿಳಿ ಆಗುತ್ತದೆ, ಊಟ ಬೇಡವಾಗುತ್ತದೆ. ಎರಡು ಮೂರು ದಿನ ಕಣ್ಣು ಮತ್ತೆ ತಿಳಿಯಾಗಿ, ಒಂದು ಬೆಳಿಗ್ಗೆ ನೋಡಿದರೆ ಕಾಲುಚೀಲ ಬಿಚ್ಚಿದ ಹಾಗೆ ಇಡೀ ಪೊರೆ ಬಿದ್ದಿರುತ್ತದೆ. ಮೂತಿಯಿಂದ ಬಾಲದ ತುದಿವರೆಗೆ ತುಂಡಾಗದೆ ಬಂದಿದೆಯಾ ಎಂದು ಬಿಡಿಸಿ ನೋಡಲೇಬೇಕು. ಬಾಲದ ತುದಿಯಲ್ಲಿ ಒಂದು ಉಂಗುರ ಉಳಿದುಕೊಂಡರೂ ರಕ್ತ ನಿಂತು ಆ ತುದಿ ಒಣಗಿ ಉದುರುತ್ತದೆ.

ಮೂರನೆಯ ಮನೆ ಈಗಿನದು. ಕೆಂಪಿ ಮೂರೂವರೆ ಅಡಿ ದಾಟಿದಾಗ ಅಕ್ವೇರಿಯಂನಲ್ಲಿ ಮೈ ನೆಟ್ಟಗೆ ಚಾಚಲು ಆಗುತ್ತಿರಲಿಲ್ಲ. ಹಾವು ಸುರುಳಿ ಸುತ್ತಿಯೇ ಇರುತ್ತದೆ, ಅದಕ್ಕೆ ಜಾಗ ಯಾಕೆ ಎಂದು ಹಿಂದೆ ಅನ್ನುತ್ತಿದ್ದರು. ಸುರುಳಿ ಸುತ್ತುವುದು ಮಲಗಲು. ಸಂಜೆ ಎದ್ದು ಓಡಾಡುವ ಹೊತ್ತಿನಲ್ಲಿ ಅದು ಪೂರ್ತಿ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಕೊಂಬೆ ಇಟ್ಟರೆ ಹತ್ತುತ್ತದೆ. ಈಗ ಬೆಳೆದ ಕಾರ್ನ್ ಸ್ನೇಕಿಗೆ ಕಡಿಮೆ ಎಂದರೂ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಬೇಕು ಎನ್ನುತ್ತಾರೆ. ಆ ಅಳತೆ ಬರೆದ ಚೀಟಿ ಹಿಡಿದು ಬಡಗಿಯ ಹತ್ತಿರ ಹೋದೆ.

"ಟಿವಿ ಸ್ಟ್ಯಾಂಡಾ?" ಎಂದರು.

"ಅಲ್ಲ, ಮುಂದೆ ಜಾರುವ ಗಾಜು ಬೇಕು. ಎರಡು ಕಡೆ ಗಾಳಿಗೆ ಜಾಲರಿ."

"ಮೀನಿಗಾ? ಪ್ಲೈವುಡ್ಡಲ್ಲಿ ನೀರು ನಿಲ್ಲಲ್ಲಮ್ಮ."

"ಹಾವಿಗೆ."

ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ, "ಅಡ್ವಾನ್ಸ್ ಪೂರ್ತಿ ಕೊಟ್ಬಿಡಿ" ಎಂದರು. ಮರುಕ್ಷಣವೇ ಈ ಕೆಲಸದಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನೂ ಕೇಳಿದರು: "ಹಾವಿನ ತಲೆ ಎಷ್ಟು ದಪ್ಪ?" ತಲೆ ತೂರುವ ಸಂದಿಯಲ್ಲಿ ಇಡೀ ಹಾವು ತೂರುತ್ತದೆ, ಕಾರ್ನ್ ಸ್ನೇಕ್ ತಪ್ಪಿಸಿಕೊಳ್ಳುವುದರಲ್ಲಿ ಹೆಸರುವಾಸಿ. ಎರಡು ಗಾಜು ಒಂದರ ಮೇಲೊಂದು ಸರಿಯುವ ಜಾಗದ ಸಂದಿಗೆ ಅವರೇ ರಬ್ಬರ್ ಪಟ್ಟಿ ಕೂರಿಸಿದರು, ಶೋಕೇಸಿಗೆ ಹಾಕುವ ಚಿಕ್ಕ ಬೀಗವನ್ನೂ ಹಾಕಿಕೊಟ್ಟರು. ಬಣ್ಣದ ವಾಸನೆ ಪೂರ್ತಿ ಹೋಗಲಿ ಎಂದು ಪೆಟ್ಟಿಗೆಯನ್ನು ಮೂರು ವಾರ ಮಹಡಿಯ ಮೇಲೆ ತೆರೆದಿಟ್ಟೆವು. ಮ್ಯಾಟ್ ಬದಲು ಮೇಲಿನಿಂದ ಬಿಸಿ ಕೊಡುವ ಸೆರಾಮಿಕ್ ಬಲ್ಬ್, ಹಾವು ತಾಕದಂತೆ ಅದರ ಸುತ್ತ ತಂತಿ ಬಲೆ. ಇದಕ್ಕೆಲ್ಲ ಆದ ಖರ್ಚು ಹಾವಿನ ಬೆಲೆಗಿಂತ ಎಷ್ಟೋ ಜಾಸ್ತಿ. ಹಾವು ಮಾರುವವರು ಈ ಬಿಲ್ಲನ್ನು ಮೊದಲೇ ತೋರಿಸಿದರೆ ಅರ್ಧ ಗಿರಾಕಿಗಳು ಮನೆಗೆ ಹೋಗುತ್ತಾರೆ. ಹೋಗಲಿ, ಒಳ್ಳೆಯದೇ.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಕೆಂಪಿಯಲ್ಲ, ಇನ್ನೊಂದು ಹಾವು.

ಈ ವರ್ಷದ ಫೆಬ್ರುವರಿಯಲ್ಲಿ ಗೆಳತಿಯೊಬ್ಬಳ ಮೂಲಕ ಒಬ್ಬ ಹುಡುಗ ಫೋನ್ ಮಾಡಿದ. ಇಂಜಿನಿಯರಿಂಗ್ ಓದುತ್ತಾನೆ, ನಮ್ಮ ಲೇಔಟಿನಲ್ಲೇ ಬಾಡಿಗೆ ರೂಮು. ಅವನ ಹತ್ತಿರವೂ ಕಾರ್ನ್ ಸ್ನೇಕ್. ಓನರ್ ನೋಡಿಬಿಟ್ಟಿದ್ದಾರೆ, ಭಾನುವಾರದೊಳಗೆ ಹಾವು ಇಲ್ಲವೇ ಅವನು, ಯಾರಾದರೊಬ್ಬರು ಹೊರಗೆ ಹೋಗಬೇಕು. "ಅಕ್ಕಾ, ಅಟ್ಟೂರು ಕೆರೆ ಹತ್ರ ಬಿಟ್ಬಿಟ್ರೆ ಬದುಕಲ್ವಾ? ಅಲ್ಲಿ ಕಪ್ಪೆ ಇಲಿ ಎಲ್ಲಾ ಇದಾವಲ್ಲಾ" ಎಂದ. ದುಷ್ಟತನದಿಂದ ಕೇಳಿದ್ದಲ್ಲ. ಪಂಜರದ ಗಿಳಿ ಹಾರಿಬಿಡುವುದು ಪುಣ್ಯ ಎಂದು ಕೇಳಿಕೊಂಡು ಬೆಳೆದವರು ನಾವು.

ಬಿಟ್ಟರೆ ಎರಡೇ ದಾರಿ. ಒಂದು, ಅದು ಸಾಯುತ್ತದೆ. ಡಬ್ಬದಲ್ಲೇ ಹುಟ್ಟಿ ಬೆಳೆದ ಹಾವಿಗೆ ಮುಂಗುಸಿಯೂ ಗೊತ್ತಿಲ್ಲ, ದೊಣ್ಣೆಯೂ ಗೊತ್ತಿಲ್ಲ. ಕಿತ್ತಳೆ ಬಣ್ಣದ ಹಾವು ವಾಕಿಂಗ್ ದಾರಿಯಲ್ಲಿ ಕಂಡರೆ ಅದಕ್ಕೆ ವಿಷ ಇದೆಯೋ ಇಲ್ಲವೋ ಎಂದು ನಿಂತು ಯೋಚಿಸುವವರು ಎಷ್ಟು ಜನ? ಎರಡನೆಯದು ಇನ್ನೂ ಕೆಟ್ಟದ್ದು: ಅದು ಬದುಕುತ್ತದೆ. ಕೆರಿಬಿಯನ್ ಸಮುದ್ರದ ಕೆಲವು ದ್ವೀಪಗಳಲ್ಲಿ ಹೊರಗಿನಿಂದ ಬಂದ ಇದೇ ಕಾರ್ನ್ ಸ್ನೇಕ್‌ಗಳು ನೆಲೆಯೂರಿ ಅಲ್ಲಿನ ಹಕ್ಕಿ, ಹಲ್ಲಿಗಳಿಗೆ ಕಂಟಕವಾಗಿವೆ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮಾ ಹೆಬ್ಬಾವುಗಳು ಮಾಡಿದ ಅನಾಹುತವೂ ಸಾಕುಪ್ರಾಣಿ ವ್ಯಾಪಾರದಿಂದಲೇ ಹುಟ್ಟಿದ್ದು. ನಮ್ಮ ಕೆರೆಯ ಕೇರೆ, ನೀರುಹಾವುಗಳಿಗೆ ಈಗಾಗಲೇ ಇರುವ ಕಷ್ಟ ಸಾಲದೆ?

ಹುಡುಗ ಹಾವು ತಂದು ತೋರಿಸಿದ. ಎರಡು ವರ್ಷದ ಹಾವು. ನೋಡಿದರೆ ಆರು ತಿಂಗಳದ್ದು ಎನ್ನಬೇಕು. ತೂಕಕ್ಕಿಟ್ಟೆ, 58 ಗ್ರಾಂ. ಬೆನ್ನುಮೂಳೆ ಏಣಿನ ಹಾಗೆ ಎದ್ದಿತ್ತು, ಮೈಗೆ ಹಳೆ ಪೊರೆಯ ಚೂರುಗಳು ಅಂಟಿಕೊಂಡಿದ್ದವು. ಇನ್ನೂ ಅದೇ ಮೊದಲ ದಿನದ ಡಬ್ಬ. ಊಟ? ವಾರಕ್ಕೊಂದು ಪಿಂಕಿ. ಎರಡು ವರ್ಷದಿಂದ ಅದೇ. ಮಾರಿದವರು ಅವನಿಗೆ ಹೇಳಿದ್ದರಂತೆ: "ಇದು ಡಬ್ಬ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ. ಚಿಕ್ಕ ಡಬ್ಬದಲ್ಲಿಟ್ರೆ ಚಿಕ್ಕದಾಗೇ ಇರುತ್ತೆ."

ಈ ಮಾತನ್ನು ನಾನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ, ಮೀನಿನ ಬಗ್ಗೆ, ಆಮೆಯ ಬಗ್ಗೆ, ಈಗ ಹಾವಿನ ಬಗ್ಗೆ. ಸುಳ್ಳು. ಡಬ್ಬ ನೋಡಿಕೊಂಡು ಯಾವ ಪ್ರಾಣಿಯೂ ತನ್ನ ಅಳತೆ ತೀರ್ಮಾನಿಸುವುದಿಲ್ಲ. ಹೊಟ್ಟೆಗೆ ಹಾಕದಿದ್ದರೆ ಬೆಳೆಯುವುದಿಲ್ಲ, ಅಷ್ಟೇ. ಅದನ್ನು ಚಿಕ್ಕದಾಗಿ ಉಳಿಯುವುದು ಎನ್ನುವುದಿಲ್ಲ, ಹಸಿವು ಎನ್ನುತ್ತಾರೆ. ಮನುಷ್ಯರ ಮಗುವಿಗೆ ಎರಡು ವರ್ಷ ಬರೀ ಗಂಜಿ ತಿಳಿ ಕುಡಿಸಿ ಅದು ತೊಟ್ಟಿಲಿನಲ್ಲೇ ಹಿಡಿಸುತ್ತದೆ ಎಂದು ಖುಷಿಪಟ್ಟರೆ ಹೇಗಿರುತ್ತದೆ?

ಹಾವುಗಳನ್ನು ನೋಡುವ ಪಶುವೈದ್ಯರು ಬೆಂಗಳೂರಿನಲ್ಲೂ ಕೆಲವರೇ. ಅಪಾಯಿಂಟ್‌ಮೆಂಟ್ ಸಿಗಲು ನಾಲ್ಕು ದಿನ ಬೇಕಾಯಿತು. ಅವರು ಹೇಳಿದ್ದು, ಕನಿಕರದಿಂದ ಒಮ್ಮೆಲೇ ದೊಡ್ಡ ಇಲಿ ಹಾಕಿ ಕೊಲ್ಲಬೇಡಿ ಎಂದು. ಮೊದಲು ನೀರು, ಬಿಸಿ, ತೇವ ಸರಿಮಾಡಿ. ಆಮೇಲೆ ಒಂದು ಪಿಂಕಿ. ಅರಗಿದರೆ ವಾರ ಬಿಟ್ಟು ಸ್ವಲ್ಪ ದೊಡ್ಡದು. ಪೊರೆಯ ಚೂರು ಕೀಳಬೇಡಿ, ಉಗುರು ಬೆಚ್ಚಗಿನ ನೀರಿನಲ್ಲಿ ತೊಯ್ಸಿದ ಬಟ್ಟೆಯ ನಡುವೆ ತಾನೇ ಹರಿದು ಹೋಗಲಿ. ಕೆಂಪಿಯ ಹತ್ತಿರ ಬಿಡಲೇಬೇಡಿ. ಕಾರ್ನ್ ಸ್ನೇಕ್‌ಗಳನ್ನು ಜೋಡಿಯಾಗಿ ಇಡಬಾರದು, ದೊಡ್ಡದು ಚಿಕ್ಕದನ್ನು ನುಂಗಿದ್ದೂ ಉಂಟು. ಹೊಸದರಲ್ಲಿ ರೋಗವಿದ್ದರೆ ಹಳೆಯದಕ್ಕೆ ಹತ್ತುತ್ತದೆ. ಮೂರು ತಿಂಗಳು ಬೇರೆ ಕೋಣೆ, ಬೇರೆ ಚಿಮುಟ, ಬೇರೆ ನೀರಿನ ಬಟ್ಟಲು.

ಕಾನೂನಿನ ಮಾತೂ ಸ್ವಲ್ಪ ಆಗಿಬಿಡಲಿ, ಯಾಕೆಂದರೆ ಅವನ ಹತ್ತಿರ ಬಿಲ್ಲು ಇರಲಿಲ್ಲ. ನಾಗರ, ಕೇರೆ, ಹೆಬ್ಬಾವು ಮುಂತಾದ ನಮ್ಮ ನೆಲದ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಿ ಪ್ರಾಣಿಗಳಿಗೆ ಬಹಳ ಕಾಲ ಸ್ಪಷ್ಟ ನಿಯಮವೇ ಇರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಸ್ವಯಂಘೋಷಣೆಗೆ ಅವಕಾಶ ಕೊಟ್ಟಿತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಈಗ ರೀಲ್ಸ್‌ನಲ್ಲಿ ಮೆರೆಯುವ ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಕಾರ್ನ್ ಸ್ನೇಕ್ ಇಲ್ಲ. ಇಲ್ಲ ಎಂದ ಮಾತ್ರಕ್ಕೆ ಎಲ್ಲಿಂದಲಾದರೂ ತರಬಹುದು ಎಂದಲ್ಲ. ಪರವಾನಗಿ ಇಲ್ಲದೆ ಹೊರದೇಶದಿಂದ ತಂದರೆ ಅದು ಕಳ್ಳಸಾಗಣೆಯೇ. ನಮ್ಮ ಮನೆ ಮೇಲೆ ಹಾದುಹೋಗುವ ವಿಮಾನಗಳು ಇಳಿಯುವ ಅದೇ ಕೆಂಪೇಗೌಡ ನಿಲ್ದಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾಗಳನ್ನು ಕಸ್ಟಮ್ಸ್‌ನವರು ಹಿಡಿದರು. ಅನಕೊಂಡಾ! ಮರಿಯಾಗಿದ್ದಾಗ ಅದೂ ಡಬ್ಬದಲ್ಲಿ ಹಿಡಿಸುತ್ತದೆ.

ಹುಡುಗನ ಹಾವು ಈಗ ನಮ್ಮ ಮಹಡಿಯ ಕೋಣೆಯಲ್ಲಿದೆ. "ಇನ್ನೊಂದಾ?" ಎಂದು ಅಪ್ಪ ಒಂದೇ ಮಾತು ಕೇಳಿ ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ಷರತ್ತು ಹಾಕಿದ್ದು ಅಮ್ಮ. ಖರ್ಚು ಆ ಹುಡುಗನೇ ಕೊಡಬೇಕು, ಪ್ರತಿ ಭಾನುವಾರ ಬಂದು ಡಬ್ಬ ಅವನೇ ತೊಳೆಯಬೇಕು. ಬರುತ್ತಿದ್ದಾನೆ. ಮೊದಲು ಪಿಂಕಿಗಿಂತ ದೊಡ್ಡ ಇಲಿಯನ್ನು ಕಣ್ಣೆತ್ತಿ ನೋಡಲೂ ಆಗದೆ ಮುಖ ತಿರುಗಿಸುತ್ತಿದ್ದ, ಈಗ ಚಿಮುಟ ಅವನ ಕೈಯಲ್ಲೇ. ಬಿಲ್ಲಿಗಾಗಿ ಮಾರಿದವರಿಗೆ ಹತ್ತಾರು ಮೆಸೇಜ್ ಹಾಕಿದ್ದಾನೆ, ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ.

ಇನ್ನೊಂದು ಲೆಕ್ಕ ನನಗೂ ಇದೆ. ಸರಿಯಾಗಿ ನೋಡಿಕೊಂಡರೆ ಕಾರ್ನ್ ಸ್ನೇಕ್ ಹದಿನೈದರಿಂದ ಇಪ್ಪತ್ತು ವರ್ಷ ಬದುಕುತ್ತದೆ. ಕೆಂಪಿಗೆ ಈಗ ನಾಲ್ಕು. ಅದು ಮುದಿಯಾಗುವ ಹೊತ್ತಿಗೆ 2040 ಬಂದಿರುತ್ತದೆ. ನಾನು ಯಾವ ಊರಿನಲ್ಲಿ, ಯಾವ ಕೆಲಸದಲ್ಲಿ ಇರುತ್ತೇನೋ. "ನಿನ್ ಮದುವೇಲಿ ಇದನ್ನೂ ಬಳುವಳಿ ಅಂತ ಕೊಟ್ಟು ಕಳಿಸ್ತೀವಿ, ಹುಡುಗನ ಕಡೆಯೋರಿಗೆ ಮೊದಲೇ ಹೇಳ್ಬಿಡು" ಎಂದು ಅಜ್ಜಿ ತಮಾಷೆ ಮಾಡುತ್ತಾರೆ. ಅಷ್ಟು ದೂರ ಬೇಡ, ಬರುವ ವರ್ಷವೇ ಎಂ.ಎಸ್ಸಿ.ಗೆ ಮೈಸೂರಿಗೆ ಹೋಗುವ ಯೋಚನೆಯಿದೆ. ಹಾಸ್ಟೆಲಿನಲ್ಲಿ ಹಾವು ಇಡಲು ಯಾರು ಬಿಡುತ್ತಾರೆ? ನಾಯಿಯಾದರೆ ನೆಂಟರ ಮನೆಯಲ್ಲಿ ಬಿಡಬಹುದು, ಹಾವನ್ನು ಬಿಟ್ಟು ಬರುವಂಥ ನೆಂಟರ ಮನೆ ಈ ಇಡೀ ಬೆಂಗಳೂರಿನಲ್ಲಿ ನಮಗೊಂದೂ ಇಲ್ಲ.

ಹೋದ ತಿಂಗಳು ನನಗೆ ಜ್ವರ ಬಂದು ಐದು ದಿನ ಮಲಗಿದ್ದೆ. ಕೆಂಪಿಯ ಊಟದ ದಿನ ಅದರಲ್ಲೇ ಬಂತು. ಒಂದೆರಡು ದಿನ ತಡವಾದರೆ ದೊಡ್ಡ ಹಾವಿಗೆ ಏನೂ ಆಗುವುದಿಲ್ಲ, ಹಾಗಾಗಿ ನಾನೂ ಸುಮ್ಮನಿದ್ದೆ. ಎದ್ದ ಮೇಲೆ ನೋಟ್‌ಬುಕ್ ತೆಗೆದರೆ ಆ ತಾರೀಕಿನ ಸಾಲು ತುಂಬಿತ್ತು. ತೂಕ 486. ದೊಡ್ಡ ಇಲಿ 1. ಪಕ್ಕದಲ್ಲಿ ಅಮ್ಮನ ದಿನಸಿ ಪಟ್ಟಿಯ ಅದೇ ದುಂಡು ಅಕ್ಷರದಲ್ಲಿ: "ಮೂರು ನಿಮಿಷಕ್ಕೆ ನುಂಗಿತು. ಮೇಲಿನದಕ್ಕೆ ಫಜಿ ಕೊಟ್ಟೆ, ತಿಂತು. 74 ಗ್ರಾಂ. ಇಲಿ ಇನ್ನು ಎರಡೇ ಇವೆ, ತರಿಸು."